13.42ರ ಸಂಜೆ

2018ರ ಆಗಸ್ಟ್ 14, ಮಂಗಳವಾರ. ಮರುದಿನದ ಧ್ವಜಾರೋಹಣಕ್ಕೆ ಊರೂರಲ್ಲಿ ತಯಾರಿ ನಡೆದಿದ್ದಾಗ ಮಹದಾಯಿ ನದಿಯ ನೀರನ್ನು ಕರ್ನಾಟಕ, ಗೋವಾ, ಮಹಾರಾಷ್ಟ್ರಕ್ಕೆ ಹಂಚುವ ನ್ಯಾಯಮಂಡಳಿಯ ತೀರ್ಪು ಬಂತು. ಸಂಜೆಯಷ್ಟರಲ್ಲಿ ಹುಬ್ಬಳ್ಳಿ, ನರಗುಂದ, ನವಲಗುಂದದ ಕಡೆ ಬಾಯಿಂದ ಬಾಯಿಗೆ ಓಡಾಡಿದ್ದು ಒಂದೇ ಅಂಕಿ: ಕರ್ನಾಟಕಕ್ಕೆ 13.42 ಟಿಎಂಸಿ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ ಬಂಡೂರಿ ಯೋಜನೆಗೆ ಕೇಳಿದ್ದೇ 7.56, ಸಿಕ್ಕಿದ್ದು ಅದರ ಹತ್ತಿರ ಹತ್ತಿರ ದುಪ್ಪಟ್ಟಲ್ಲವೇ ಎಂದು ಹಿಗ್ಗಿದವರೂ ಇದ್ದರು.

ನೀರಿನ ಲೆಕ್ಕ ಗೊತ್ತಿದ್ದವರು ಮಾತ್ರ ಹಿಗ್ಗುವ ಮೊದಲು ಆ ಅಂಕಿಯನ್ನು ಬಿಡಿಸಿ ನೋಡಿದರು. ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ಎರಡೂ ಸೇರಿ 3.9 ಟಿಎಂಸಿ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು ಇಷ್ಟೇ. ಇನ್ನೊಂದು 1.5 ಟಿಎಂಸಿ ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಅದು ಘಟ್ಟ ದಾಟಿ ಈಚೆ ಬರುವಂತಿಲ್ಲ. ಉಳಿದ 8.02 ಜಲವಿದ್ಯುತ್ತಿಗೆ. ಟರ್ಬೈನ್ ತಿರುಗಿಸಿದ ನೀರು ಮತ್ತೆ ಹೊಳೆಗೇ ಬೀಳಬೇಕು, ಹೊಳೆ ಗೋವಾಕ್ಕೇ ಹರಿಯಬೇಕು. ಅಂದರೆ ದೊಡ್ಡ ಅಂಕಿಯ ಅರ್ಧಕ್ಕಿಂತ ಹೆಚ್ಚು ಪಾಲು ನಾವು ಮುಟ್ಟಿ ಬಿಡಬೇಕಾದ ನೀರು. ಕುಡಿಯುವ ನೀರಿಗೆ 5.5 ಟಿಎಂಸಿ ಎಂದು ಆಗ ಎಲ್ಲೆಡೆ ಅಚ್ಚಾಯಿತು. 5.5ಕ್ಕೆ 8.02 ಕೂಡಿಸಿದರೆ 13.52 ಆಗುತ್ತದೆ, 13.42 ಅಲ್ಲ. ಸರಿಯಾದ ಅಂಕಿ 5.4. ಕೂಡಿ ನೋಡುವ ತಾಳ್ಮೆ ಆ ದಿನ ಅಚ್ಚು ಹಾಕಿದವರಿಗೆ ಇರಲಿಲ್ಲ.

3.9 ಟಿಎಂಸಿ ಅಂದರೆ ಎಷ್ಟು? ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. 3.9 ಟಿಎಂಸಿಯನ್ನು ವರ್ಷವಿಡೀ ಹಂಚಿದರೆ ದಿನಕ್ಕೆ 30 ಕೋಟಿ ಲೀಟರ್. ತಲೆಗೆ 135 ಲೀಟರ್‌ನಂತೆ, ಸೋರಿಕೆ ಲೆಕ್ಕ ಹಿಡಿಯದೆ, 22 ಲಕ್ಷ ಜನಕ್ಕೆ ಸಾಕು. ಸಣ್ಣ ನೀರಲ್ಲ. ಆದರೆ ನವಿಲುತೀರ್ಥದ ಮಲಪ್ರಭಾ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ; ಅದರ ಹತ್ತನೇ ಒಂದು ಪಾಲು ಮಾತ್ರ. ಈ ನೀರಿಗಾಗಿ ಮೂರು ವರ್ಷದಿಂದ ಧರಣಿ ಕೂತ ನರಗುಂದದ ರೈತ ಕಾಲುವೆಯ ನೀರಿನ ಕನಸು ಕಂಡಿದ್ದ, ಹಂಚಿಕೆಯಾಗಿದ್ದು ಕುಡಿಯಲು. ಹಾಗೆಂದು ಅವನಿಗೆ ಏನೂ ಸಿಗುವುದಿಲ್ಲ ಎನ್ನುವುದೂ ತಪ್ಪು. ಹುಬ್ಬಳ್ಳಿ-ಧಾರವಾಡ ಈಗ ಕುಡಿಯುತ್ತಿರುವುದು ಇದೇ ಜಲಾಶಯದ ನೀರನ್ನು. ಊರುಗಳ ಬಾಯಾರಿಕೆಗೆ ಆಚೆಯಿಂದ ನೀರು ಬಂದರೆ, ಅಷ್ಟು ಪಾಲು ಕಾಲುವೆಗೆ ಉಳಿಯುತ್ತದೆ.

ಗೋವಾದ ವಾದವನ್ನು ನಮ್ಮಲ್ಲಿ ಯಾರೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ನಮಗೆ ಮಹದಾಯಿ ಸಮುದ್ರಕ್ಕೆ ಹರಿದು ‘ವ್ಯರ್ಥವಾಗುವ’ ನೀರು. ಅವರಿಗೆ ಅದೇ ಮಾಂಡೋವಿ, ರಾಜಧಾನಿಯ ಮಗ್ಗುಲಲ್ಲಿ ಕಡಲು ಸೇರುವ ಹೊಳೆ. ಮೇಲಿಂದ ಸಿಹಿನೀರಿನ ಒತ್ತಡ ತಗ್ಗಿದರೆ ಉಪ್ಪುನೀರು ಒಳನುಗ್ಗುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಆದರೆ ಪ್ರಮಾಣ ನೋಡಬೇಕು. ನೂರು ವರ್ಷದಲ್ಲಿ 75 ವರ್ಷ ಸಿಕ್ಕೇ ಸಿಗುತ್ತದೆ ಎಂಬ ಲೆಕ್ಕದಲ್ಲಿ ನ್ಯಾಯಮಂಡಳಿ ಕಂಡುಕೊಂಡ ಕಣಿವೆಯ ನೀರು 188.06 ಟಿಎಂಸಿ. ಅದರಲ್ಲಿ 3.9 ಎಂದರೆ ನೂರಕ್ಕೆ ಎರಡು. ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಹಂಚಿಕೆಯಾಯಿತು.

ತೀರ್ಪು ಬಂದರೆ ಮರುದಿನವೇ ಜೆಸಿಬಿ ಇಳಿಸಬಹುದು ಎಂದು ನಂಬಿದವರು ಕಾಯ್ದೆ ಓದಿರಲಿಲ್ಲ. 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆಯ 6ನೇ ಕಲಮಿನಂತೆ ಕೇಂದ್ರ ಸರ್ಕಾರ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು. ಆಗ ಅದಕ್ಕೆ ಸುಪ್ರೀಂ ಕೋರ್ಟಿನ ಡಿಕ್ರಿಯಷ್ಟೇ ಬಲ. ಅದಕ್ಕೂ ಮೊದಲು 5(3)ನೇ ಕಲಮಿನಡಿ ಮೂರು ತಿಂಗಳೊಳಗೆ ಸ್ಪಷ್ಟನೆ ಕೇಳಲು ಅವಕಾಶವಿದೆ, ರಾಜ್ಯಗಳು ಕೇಳಿದವು. ನದಿ ವಿವಾದದಲ್ಲಿ ಬೇರೆ ಕೋರ್ಟಿಗೆ ಅಧಿಕಾರವಿಲ್ಲ ಎನ್ನುತ್ತದೆ 11ನೇ ಕಲಮು. ಆದರೆ ನ್ಯಾಯಮಂಡಳಿಯ ತೀರ್ಪಿನ ಮೇಲೆ ವಿಶೇಷ ಮೇಲ್ಮನವಿಯನ್ನು ತಾನು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಕಾವೇರಿ ಪ್ರಕರಣದಲ್ಲಿ ಹೇಳಿಯಾಗಿತ್ತು. ಆ ಬಾಗಿಲಿನಿಂದ ಮೂರೂ ರಾಜ್ಯಗಳು ಒಳಹೊಕ್ಕವು. ಗೆಜೆಟ್ ಪ್ರಕಟಣೆ ಬಂದದ್ದು 2020ರ ಫೆಬ್ರುವರಿ 27ರಂದು, ಅದೂ ಸುಪ್ರೀಂ ಕೋರ್ಟ್ ಹೂಂ ಎಂದ ಮೇಲೆ. ತೀರ್ಪಾಗಿ ಆಗಲೇ ಒಂದೂವರೆ ವರ್ಷ ಕಳೆದಿತ್ತು.

ಬೇಸರದ ಸಂಗತಿಯೆಂದರೆ, ನೆಲದ ಮೇಲೆ ಈ ಕೆಲಸ ಅಷ್ಟು ದೂರದ್ದಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ನಿಂತರೆ ಗೊತ್ತಾಗುತ್ತದೆ: ಮಲಪ್ರಭೆ ಹುಟ್ಟುವುದು ಅಲ್ಲೇ, ಕಳಸಾ ಹರಿಯುವುದು ಅದರ ಮಗ್ಗುಲಲ್ಲೇ. ನಡುವಿನ ದಿಬ್ಬದ ಈಚೆ ಬಿದ್ದ ಮಳೆ ಪೂರ್ವಕ್ಕೆ, ಆಚೆ ಬಿದ್ದದ್ದು ಪಶ್ಚಿಮಕ್ಕೆ. ದಿಬ್ಬ ಸೀಳಿ ತೋಡಿದ ಕಾಲುವೆ ತೀರ್ಪಿಗೆ ಎಷ್ಟೋ ಮುಂಚಿನದು. ತೀರ್ಪಿಲ್ಲದೆ ನೀರು ಹರಿಯಬಾರದೆಂದು 2014ರಲ್ಲಿ ಅದಕ್ಕೆ ಅಡ್ಡಗೋಡೆ ಕಟ್ಟಿಸಿದ್ದಾಯಿತು.

ಹಳೆಯ ನಕ್ಷೆ 7.56ಕ್ಕೆ ಎಳೆದದ್ದು: ಕಳಸಾ 3.56, ಬಂಡೂರಿ 4. ಹಂಚಿಕೆ ಅರ್ಧಕ್ಕಿಳಿದಾಗ ಯೋಜನಾ ವರದಿಯನ್ನೇ ಹೊಸದಾಗಿ ಬರೆಯಬೇಕಾಯಿತು. ಅದಕ್ಕೆ ಕೇಂದ್ರ ಜಲ ಆಯೋಗ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಜಲ ಆಯೋಗ ನೋಡುವುದು ನೀರಿನ ಲೆಕ್ಕವನ್ನು. ಕಾಡಿನ ಅನುಮತಿ ಬೇರೆಯೇ ಕಡತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮಿನಲ್ಲಿ ಒಂದು ಮಾತಿದೆ: ಮುಖ್ಯ ವನ್ಯಜೀವಿ ಪಾಲಕರ ಪರವಾನಗಿ ಇಲ್ಲದೆ ಅಭಯಾರಣ್ಯದೊಳಗೆ ಬರುವ ಅಥವಾ ಹೊರಹೋಗುವ ನೀರನ್ನು ತಿರುಗಿಸುವಂತಿಲ್ಲ. ಗಡಿಯಾಚೆ ಗೋವಾದಲ್ಲಿರುವುದು ಮಹದಾಯಿ ವನ್ಯಜೀವಿಧಾಮ. ಜಲ ಆಯೋಗದ ಒಪ್ಪಿಗೆ ಬಂದು ಕೆಲವೇ ದಿನಕ್ಕೆ, 2023ರ ಜನವರಿಯಲ್ಲಿ, ಅಲ್ಲಿನ ಮುಖ್ಯ ವನ್ಯಜೀವಿ ಪಾಲಕರಿಂದ ಇದೇ ಕಲಮಿನಡಿ ಕರ್ನಾಟಕಕ್ಕೆ ನೋಟಿಸ್ ಬಂತು. ನೀರು ಎಷ್ಟು ಎಂಬ ಪ್ರಶ್ನೆಯೇ ಆ ನೋಟಿಸಿನಲ್ಲಿ ಮುಖ್ಯವಲ್ಲ. 13.42 ಇರಲಿ, 3.9 ಇರಲಿ, ಪರವಾನಗಿ ಎಲ್ಲಿ ಎಂಬುದಷ್ಟೇ.