ಬಲೂನು ಪಾಯಸಾನ ತಡಿಯಲ್ಲ

ತೂಕ ಇಳಿಸೋಕೆ ಆಪರೇಷನ್ ಇಲ್ದೆ ಹೊಟ್ಟೆಗೆ ಬಲೂನ್ ಹಾಕಿಸ್ಕೊಂಡೆ ಅಂದ್ರೆ ಎಲ್ರೂ ಮೊದ್ಲು ಕೇಳೋದು ಒಳಗೇ ಒಡೆದೋದ್ರೆ ಏನ್ ಗತಿ ಅಂತ. ನಮ್ಮಮ್ಮನೂ ಅದನ್ನೇ ಕೇಳಿದ್ರು. ಅದ್ರೊಳಗೆ ಗಾಳಿ ಇರಲ್ಲ, ಸಲೈನ್ ಅಂದ್ರೆ ಉಪ್ಪುನೀರು ತುಂಬಿ ಜೊತೆಗೆ ಮಿಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ಬೆರೆಸಿರ್ತಾರೆ, ಸೋರಿದ್ರೆ ಮೂತ್ರ ನೀಲಿ ಇಲ್ಲಾ ಹಸಿರಾಗತ್ತೆ, ಆಗ ತಕ್ಷಣ ಆಸ್ಪತ್ರೆಗೆ ಓಡ್ಬೇಕು. ಆರು ತಿಂಗಳು ಬೆಳಿಗ್ಗೆ ಎದ್ದು ಬಣ್ಣ ನೋಡೋದೇ ನನ್ನ ಸುಪ್ರಭಾತ ಆಗಿತ್ತು.

ಆಗ ತೂಕ 104 ಕೆಜಿ, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 35ರ ಹತ್ರ, ಶುಗರ್ ಬಾರ್ಡರ್ರು, ಸರ್ಜರಿ ಅಂದ್ರೆ ಭಯ. ನಿದ್ದೆ ಇಂಜೆಕ್ಷನ್ ಕೊಟ್ಟು, ಎಂಡೋಸ್ಕೋಪಿ ಮಾಡಿ, ಬಾಯಿಂದಾನೇ ಖಾಲಿ ಸಿಲಿಕೋನ್ ಬಲೂನ್ ಇಳಿಸಿ 600 ಎಂಎಲ್ ತುಂಬಿದ್ರು, ಸಂಜೆಗೆ ಮನೆ. (ಕ್ಯಾಪ್ಸೂಲ್ ಥರ ನುಂಗೋ ಬಲೂನೂ ಇದೆ, ನಾಲ್ಕು ತಿಂಗಳಿಗೆ ತಾನೇ ಖಾಲಿಯಾಗಿ ಹೊರಗೋಗತ್ತೆ, ನಂದು ಅದಲ್ಲ.)

ಮೊದಲ ಮೂರು ದಿನ ಮಾತ್ರ ಬೇಡವೇ ಬೇಡ. ವಾಂತಿ, ಹೊಟ್ಟೆ ಹಿಂಡೋದು, ಎಳನೀರೂ ಸ್ಪೂನಲ್ಲಿ. ಎರಡನೇ ದಿನ ಡಾಕ್ಟ್ರಿಗೆ ಫೋನ್ ಮಾಡಿ ತೆಗೆದ್ಬಿಡಿ ಸಾರ್ ಅಂದೆ, ಅವ್ರು ನಗ್ತಾ, ನಿಮ್ಮ ಹೊಟ್ಟೆ ಅದನ್ನ ಊಟ ಅಂದ್ಕೊಂಡು ಅರೆಯೋಕೆ ನೋಡ್ತಿದೆ, ಆಗಲ್ಲ ಅಂತ ಗೊತ್ತಾದ್ಮೇಲೆ ಸುಮ್ನಾಗತ್ತೆ ಅಂದ್ರು. ಹಂಗೇ ಆಯ್ತು. ಆಮೇಲೆ ಒಂದು ಇಡ್ಲಿಗೇ ಹೊಟ್ಟೆ ತುಂಬ್ತಿತ್ತು. ಡಯಟೀಷಿಯನ್ ಮೇಡಂ ಪ್ರತಿ ತುತ್ತೂ ಚೆನ್ನಾಗಿ ಅಗೀರಿ ಅಂತಾರೆ, ನಾನೋ ಮಂಡ್ಯದೋನು, ಮುದ್ದೇನ ಅಗಿಯೋದು ಅಂದ್ರೇನು ಅಂತ್ಲೇ ಗೊತ್ತಿಲ್ಲ, ಕೊನೆಗೆ ಆರು ತಿಂಗಳು ಮುದ್ದೆ ಸಹವಾಸಾನೇ ಬಿಟ್ಟೆ.

ಮೂರು ತಿಂಗಳಿಗೆ 93ಕ್ಕೆ ಇಳಿದೆ, ಆಮೇಲೆ ಕಾಟಾ ಅಲ್ಲಾಡ್ಲೇ ಇಲ್ಲ. ಏನ್ ಕುಡೀತೀರಾ ಅಂತ ಮೇಡಂ ಕೇಳಿದಾಗ ಸಿಕ್ಕಾಕೊಂಡೆ. ದಿನಕ್ಕೆ ನಾಲ್ಕು ಸಕ್ಕರೆ ಕಾಫಿ, ಚಿಕ್ಕಪ್ಪನ ಮನೆ ಗೃಹಪ್ರವೇಶದಲ್ಲಿ ಮೂರು ಲೋಟ ಶಾವಿಗೆ ಪಾಯಸ, ಅವಾಗವಾಗ ಐಸ್‌ಕ್ರೀಮು. ಅನ್ನ ಮುದ್ದೆಗೆ ಅಡ್ಡ ನಿಲ್ಲತ್ತೆ ಬಲೂನು, ನೀರಾಗಿ ಜಾರೋದಕ್ಕೆ ಪಕ್ಕದಲ್ಲೇ ದಾರಿ ಬಿಡತ್ತೆ. ಲಕ್ಷಗಟ್ಟಲೆ ಕೊಟ್ಟು ಹಾಕಿಸ್ಕೊಂಡು ಪಾಯಸದಲ್ಲಿ ಕಳ್ಕೊಂಡೆ ನೋಡಿ.

ಆರನೇ ತಿಂಗಳು ಚುಚ್ಚಿ, ನೀರು ಹೀರಿ, ಬಾಯಿಂದಾನೇ ಎಳೆದ್ರು. ಅವತ್ತು 91. ಮಾರನೇ ದಿನವೇ ಹಸಿವು ಹಳೇ ನೆಂಟನ ಥರ ವಾಪಸ್ಸು, ಮೂರು ಇಡ್ಲಿ ಒಳಗೋಯ್ತು. ತೆಗೆಸಿ ಈಗ ಎಂಟು ತಿಂಗಳಾಯ್ತು, 94ರಲ್ಲಿದೀನಿ. ಕಾಫಿಗೆ ಸಕ್ಕರೆ ನಿಲ್ಸಿದೀನಿ, ಪಾಯಸ ಅರ್ಧ ಲೋಟಕ್ಕೆ ಬಂದಿದೆ, ಮುದ್ದೆ ಮಾತ್ರ ಮತ್ತೆ ನುಂಗ್ತಿದೀನಿ.