ಅಲ್ಲಿ ಎಂಥ ಉಂಟು?

ಭಾನುವಾರ ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ಬೆಟ್ಟ ಹತ್ತಿ ಬಂದೆ. ಮಂಡಿ ನೋವು ಇನ್ನೂ ಹೋಗಿಲ್ಲ. ಕೆಳಗೆ ಬೊಂಡ (ಎಳನೀರು) ಕೊಟ್ಟ ಅಜ್ಜಿಯ ಮಾತು ಅದಕ್ಕಿಂತ ಜಾಸ್ತಿ ಕಾಡುತ್ತಿದೆ.

ನಾನು, ಅಕ್ಕನ ಮಗ, ಅವನ ಇಬ್ಬರು ಗೆಳೆಯರು ಮಂಗಳೂರಿನಿಂದ ಬೆಳಿಗ್ಗೆಯೇ ಹೊರಟಿದ್ದೆವು. ಬೆಳ್ತಂಗಡಿ ತಲುಪುವ ಮೊದಲೇ ಹುಡುಗರ ಜಗಳ ಶುರು. ಒಬ್ಬನಿಗೆ ಅದು ಜಮಾಲಾಬಾದ್. 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿ ತಾಯಿ ಜಮಾಲ್ ಬೀ ಹೆಸರಿಟ್ಟನಂತೆ. ಇನ್ನೊಬ್ಬನಿಗೆ ಹಳೆಯ ಹೆಸರು ನರಸಿಂಹಗಡ ಅಂತಲೇ ಆಗಬೇಕು. ಇಬ್ಬರೂ ಓದಿದ್ದು ಮೊಬೈಲಿನಲ್ಲೇ, ಬಿಡಿ. ಕಲ್ಲನ್ನೇ ಕಡಿದು ಮಾಡಿದ ಮೆಟ್ಟಿಲು, ಸಾವಿರದ ಎಂಟುನೂರಕ್ಕೂ ಜಾಸ್ತಿ ಅಂತಾರೆ. ಮುನ್ನೂರು ಹತ್ತುವಷ್ಟರಲ್ಲಿ ಜಗಳಕ್ಕೆ ಉಸಿರು ಉಳಿಯಲಿಲ್ಲ. ಮೇಲೆ ಹೋಗಲು ಇರುವುದು ಅದೊಂದೇ ದಾರಿ. ಅಂಥ ಕೋಟೆಯೂ 1799ರಲ್ಲಿ ಬ್ರಿಟಿಷರ ಪಾಲಾಯಿತು.

ಇಳಿದು ಬಂದಾಗ ಒಂದು ಮನೆಯ ಅಂಗಳದಲ್ಲಿ ಬೊಂಡದ ರಾಶಿ ಕಂಡಿತು. ಅಜ್ಜಿ ಮೂರೇ ಏಟಿಗೆ ಕೆತ್ತಿ ಕೊಟ್ಟರು. ಅಕ್ಕನ ಮಗ ಕೇಳಿದ, “ಅಜ್ಜೀ, ನೀವು ಮೇಲೆ ಎಷ್ಟು ಸಲ ಹೋಗಿದ್ದೀರಿ?”

“ನಾನಾ? ಒಮ್ಮೆಯೂ ಇಲ್ಲ. ಅಲ್ಲಿ ಎಂಥ ಉಂಟು?”

ಕುಹಕ ಇರಲಿಲ್ಲ. ಹೋಗಿ ಬಂದವರು ನಾವು, ಗೊತ್ತಿದ್ದರೆ ಹೇಳಲಿ ಎಂದು ನಿಜವಾಗಿಯೂ ಕೇಳಿದ್ದು. ಹುಡುಗ “ಕೋಟೆ... ಗೋಡೆ... ವ್ಯೂ” ಎಂದು ತಡವರಿಸಿದ. “ಹೌದಾ” ಎಂದರು ಅಜ್ಜಿ, ಮೊಮ್ಮಗು ಮಗ್ಗಿ ಒಪ್ಪಿಸಿದಾಗ ಹೇಳುವ ಹಾಗೆ.

ಅವರು ಮಲೆಕುಡಿಯರು, ಇಲ್ಲಿನ ಕಾಡಿನ ಆದಿವಾಸಿಗಳು. ತವರು ಕುದುರೆಮುಖದ ಬುಡದ ಕಾಡೊಳಗಂತೆ. ಅಪ್ಪ ಏಲಕ್ಕಿ ಮಲೆಯಲ್ಲಿ ದುಡಿದವರು. 1987ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನ ಆಯಿತು. ಆಮೇಲೆ ಜೇನಿಗೆ, ರಾಮಪತ್ರೆಗೆ ಕಾಡಿಗೆ ಕಾಲಿಡಲೂ ಹೆದರಿಕೆ ಎಂದರು. ದಾರಿಯುದ್ದಕ್ಕೂ ಈ ಬೆಟ್ಟ ಯಾರದ್ದು ಅಂತ ಜಗಳವಾಡಿದ ನಮ್ಮ ಬಾಯಲ್ಲಿ ಈ ಜನರ ಹೆಸರು ಒಮ್ಮೆಯಾದರೂ ಬಂದಿತ್ತಾ? ನನ್ನ ಬಾಯಲ್ಲೂ ಇಲ್ಲ.

ಆದರೆ ಅಜ್ಜಿಯನ್ನು ಹೊಗಳಿ ಹುಡುಗರನ್ನು ಬೈಯುವುದು ಸುಲಭ. ನಾನು ದಿನಾ ಬಸ್ಸಿಗೆ ನಡೆಯುವುದು ಮಂಗಳೂರಿನ ಬಾವುಟಗುಡ್ಡೆಯ ಬದಿಯಿಂದ. 1837ರಲ್ಲಿ ಸುಳ್ಯ, ಪುತ್ತೂರಿನ ಕಡೆಯಿಂದ ಇಳಿದು ಬಂದ ರೈತರು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ಜಾಗ. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ನನಗೆ ಅಲ್ಲಿ ಕಾಣುವುದು ಏರು ಮತ್ತು ಟ್ರಾಫಿಕ್. ಯಾರಾದರೂ ನಿಲ್ಲಿಸಿ ಕೇಳಿದರೆ ನಾನೂ “ಅಲ್ಲಿ ಎಂಥ ಉಂಟು” ಅಂತಲೇ ಹೇಳುತ್ತಿದ್ದೆ. ಅಜ್ಜಿಯಾದರೂ ತಮ್ಮ ಕಲ್ಲನ್ನು ನೋಡುತ್ತಾರೆ.

ಹೌದು, ಅವರಿಗೆ ಅದು ಬರೀ “ಕಲ್ಲು”. ಜಮಾಲಾಬಾದೂ ಅಲ್ಲ, ನರಸಿಂಹಗಡವೂ ಅಲ್ಲ. ದುಡ್ಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಒಮ್ಮೆ ತಲೆಯೆತ್ತಿ ನೋಡಿದರು. “ಕಲ್ಲಿನ ತಲೆಗೆ ಮೋಡ ಕೂತಿದೆ. ಬೇಗ ಹೊರಡಿ ಮಕ್ಕಳೇ, ಈಗ ಬರ್ತದೆ.”

ನಮ್ಮ ತಲೆಯ ಮೇಲೆ ಬಿಸಿಲಿತ್ತು. ಮೊಬೈಲೂ ಮಳೆ ಇಲ್ಲ ಎಂದಿತು. ಸುಮ್ನೆ ಇನ್ನೊಂದೊಂದು ಬೊಂಡ ಕೆತ್ತಿಸಿ ಕುಡಿಯುತ್ತಾ ನಿಂತೆವು. ಅಜ್ಜಿ ಹಗ್ಗದ ಮೇಲಿನ ಬಟ್ಟೆ ಬಾಚಿಕೊಂಡು ಒಳಗೆ ಹೋದರು. ಕಾರು ಇನ್ನೂರು ಹೆಜ್ಜೆ ದೂರದಲ್ಲಿತ್ತು. ಅಷ್ಟರೊಳಗೆ ನಾಲ್ವರೂ ನೆನೆದು ಪೂರಾ ಚಂಡಿ.