ಡಬ್ಬಿ ಬಚ್ಚಿಡೋ ಮುಂಚೆ ಜಾಗ ನೋಡಿ

ಜಿಯೋಕ್ಯಾಶಿಂಗ್ ಆಡೋರ ಮಧ್ಯೆ ಆಗಾಗ ಒಂದು ಸುದ್ದಿ ಓಡಾಡ್ತಿರುತ್ತೆ, ಎಲ್ಲೋ ಯಾರೋ ನಮ್ಮೋರು ಇಟ್ಟಿದ್ದ ಡಬ್ಬಿ ನೋಡಿ ಬಾಂಬ್ ಅಂದ್ಕೊಂಡು ಪೊಲೀಸ್‌ಗೆ ಫೋನ್ ಮಾಡಿದ್ರಂತೆ, ರಸ್ತೆ ಬಂದ್ ಆಯ್ತಂತೆ, ಡಬ್ಬಿ ಒಡೆದು ಹಾಕಿದ್ರಂತೆ ಅಂತ. ಹಿಂದೆನೇ "ಜನಕ್ಕೆ ಅಷ್ಟೂ ಗೊತ್ತಾಗಲ್ವಾ, ಸುಮ್ಸುಮ್ನೆ ಗಾಬರಿ ಬೀಳ್ತಾರೆ" ಅನ್ನೋ ಮಾತೂ ಬರುತ್ತೆ. ಇದನ್ನ ಕೇಳಿದಾಗೆಲ್ಲ ನಂಗೆ ಬೇಜಾರಾಗುತ್ತೆ. ಫೋನ್ ಮಾಡಿದೋರು ಸರಿಯಾಗೇ ಮಾಡಿದಾರೆ, ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ.

ಆಟ ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಒಬ್ಬರು ಒಂದು ಡಬ್ಬಿ ಬಚ್ಚಿಟ್ಟು (ಅದಕ್ಕೇ ಜಿಯೋಕ್ಯಾಶ್ ಅನ್ನೋದು) ಅದರ ಜಿಪಿಎಸ್ ಲೊಕೇಶನ್ ಆಟದ ವೆಬ್‌ಸೈಟಲ್ಲಿ ಹಾಕ್ತಾರೆ, ಬೇರೆಯೋರು ಹುಡುಕ್ಕೊಂಡು ಹೋಗಿ ಒಳಗಿರೋ ಪುಸ್ತಕದಲ್ಲಿ ಹೆಸರು ಬರೆದು ಇದ್ದಲ್ಲೇ ವಾಪಸ್ ಇಡ್ತಾರೆ, ಇಷ್ಟೇ. 2000ದ ಮೇ 2ಕ್ಕೆ ಅಮೆರಿಕ ಸರ್ಕಾರ ಸಾಮಾನ್ಯ ಜನರ ಜಿಪಿಎಸ್‌ನಲ್ಲಿ ಬೇಕಂತ್ಲೇ ಇಟ್ಟಿದ್ದ ದೋಷ ತೆಗೀತು, ಜಾಗ ಹೆಚ್ಚು ಸರಿಯಾಗಿ ಗೊತ್ತಾಗೋ ಹಾಗಾಯ್ತು, ಮಾರನೇ ದಿನಾನೇ ಡೇವ್ ಅಲ್ಮರ್ ಅನ್ನೋರು ಒರೆಗಾನ್‌ನ ಬೀವರ್‌ಕ್ರೀಕ್ ಹತ್ರ ಕಾಡಲ್ಲಿ ಒಂದು ಬಕೆಟ್ ಇಟ್ರು, ಅಲ್ಲಿಂದ ಶುರು. ಕಾಡಲ್ಲಿದ್ದಾಗ ಯಾರಿಗೂ ತೊಂದರೆ ಇರಲಿಲ್ಲ. ಆಟ ಪೇಟೆಗೆ ಬಂತು ನೋಡಿ, ಪಾರ್ಕ್ ಬೆಂಚ್ ಕೆಳಗೆ, ಸೇತುವೆ ಕಂಬದ ಹಿಂದೆ, ಅಂಗಡಿ ಮುಂದಿನ ಹೂಕುಂಡದ ಸಂದಿಯಲ್ಲಿ, ಅಲ್ಲಿಂದಾನೇ ಈ ಸಮಸ್ಯೆ.

ಬ್ರಿಟನ್‌ನಲ್ಲಿ ರೈಲ್ವೆ ಸಿಬ್ಬಂದಿಗೆ ವಾರಸುದಾರರಿಲ್ಲದ ವಸ್ತು ಕಂಡ್ರೆ ಮೂರು ಪ್ರಶ್ನೆ ಕೇಳ್ಕೊಳ್ಳಿ ಅಂತ ಹೇಳ್ಕೊಡ್ತಾರೆ. ಇದನ್ನ ಬೇಕಂತ ಬಚ್ಚಿಟ್ಟಿದಾರಾ, ನೋಡೋಕೇ ಅನುಮಾನ ಬರೋ ಹಾಗಿದ್ಯಾ, ಈ ಜಾಗದಲ್ಲಿ ಸಾಮಾನ್ಯವಾಗಿ ಇರೋ ಥರದ ವಸ್ತುನಾ. ಮರೆತು ಹೋದ ಬ್ಯಾಗ್ ಸಾಮಾನ್ಯವಾಗಿ ಎದುರಿಗೇ ಬಿದ್ದಿರುತ್ತೆ, ಯಾರೂ ತಮ್ಮ ಬ್ಯಾಗನ್ನ ಬಚ್ಚಿಟ್ಟು ಮರೆಯಲ್ಲ, ಅದಕ್ಕೇ ಮೊದಲನೇ ಪ್ರಶ್ನೆ ಅದು. ಈಗ ನಮ್ಮ ಡಬ್ಬಿನ ಈ ಮೂರಕ್ಕೂ ಹಿಡಿದು ನೋಡಿ. ಬಚ್ಚಿಟ್ಟಿದ್ದೀವಿ, ಅದೇ ಆಟ. ಅಲ್ಲಿ ಇರೋ ವಸ್ತು ಅಲ್ವೇ ಅಲ್ಲ. ಇನ್ನು ನೋಡೋಕೆ ಹೇಗಿರುತ್ತೆ ಅಂದ್ರೆ, ಎರಡೂ ತುದಿಗೆ ಕ್ಯಾಪ್ ಹಾಕಿದ ಪಿವಿಸಿ ಪೈಪ್, ಮೇಲಿಂದ ಕೆಳಗಿನವರೆಗೂ ಕಪ್ಪು ಟೇಪ್, ಕಂಬಕ್ಕೆ ತಂತಿಯಲ್ಲಿ ಕಟ್ಟಿದ್ದು! ಇಲ್ಲಾಂದ್ರೆ ಮಿಲಿಟರಿಯ ಹಳೇ ಗುಂಡಿನ ಪೆಟ್ಟಿಗೆ. ಅದು ಗಟ್ಟಿ, ರಬ್ಬರ್ ಸೀಲ್ ಇರೋದ್ರಿಂದ ಒಳಗೆ ನೀರೂ ಹೋಗಲ್ಲ, ಕಾಡಿಗೆ ಅದಕ್ಕಿಂತ ಒಳ್ಳೇದಿಲ್ಲ, ಆದ್ರೆ ಮೇಲಿನ ಮಿಲಿಟರಿ ಅಕ್ಷರಗಳನ್ನ ಪೇಂಟ್ ಹೊಡೆದು ಮುಚ್ಚದೆ ಊರೊಳಗೆ ಇಟ್ರೆ ನೋಡಿದೋರು ಏನು ಅಂದ್ಕೋಬೇಕು ಹೇಳಿ.

ಡಬ್ಬಿಗಿಂತ ಹೆಚ್ಚು ಅನುಮಾನ ಹುಟ್ಸೋದು ನಾವು ನಡ್ಕೊಳ್ಳೋ ರೀತಿ ಅಂತ ನಂಗನ್ಸುತ್ತೆ. 2011ರ ಜುಲೈನಲ್ಲಿ ಇಂಗ್ಲೆಂಡಿನ ವೆದರ್ಬಿ ಅನ್ನೋ ಊರಲ್ಲಿ ಒಂದು ಕೆಫೆ ಹೊರಗೆ ಒಬ್ಬ ಮನುಷ್ಯ ಅನುಮಾನ ಬರೋ ಹಾಗೆ ಓಡಾಡ್ತಿದ್ದದ್ದನ್ನ ಕಂಡೋರು ಪೊಲೀಸ್‌ಗೆ ತಿಳಿಸಿದ್ರು, ಜನರನ್ನ ಖಾಲಿ ಮಾಡಿಸಿದ್ರು, ಸೇನೆಯ ಬಾಂಬ್ ದಳ ಬಂದು ಅಲ್ಲಿದ್ದ ಡಬ್ಬಿನ ಸ್ಫೋಟ ಮಾಡಿ ಒಡೀತು, ನೋಡಿದ್ರೆ ಅದು ಜಿಯೋಕ್ಯಾಶ್. ಆಟದಲ್ಲಿ ಮೊದಲ ದಿನಾನೇ ಹೇಳ್ಕೊಡೋದು ಯಾರೂ ನೋಡ್ಬಾರ್ದು ಅಂತ, ಹಾಗಾಗಿ ಅತ್ತಿತ್ತ ನೋಡ್ತೀವಿ, ಯಾರಾದ್ರೂ ಬಂದ್ರೆ ಫೋನಲ್ಲಿ ಮಾತಾಡೋ ಹಾಗೆ ನಟಿಸ್ತೀವಿ, ಅವ್ರು ದಾಟಿದ ತಕ್ಷಣ ಬಗ್ಗಿ ಕೈ ಹಾಕ್ತೀವಿ, ಎರಡು ನಿಮಿಷ ಆದ್ಮೇಲೆ ಏನನ್ನೋ ಅಲ್ಲೇ ಇಟ್ಟು ಬೇಗ ಬೇಗ ಹೊರಟುಬಿಡ್ತೀವಿ. ಕಿಟಕಿಯಿಂದ ನೋಡೋರಿಗೆ ಕಾಣೋದು ಇಷ್ಟೇ, ಒಬ್ಬ ಬಂದ, ಬಗ್ಗಿ ಏನೋ ಇಟ್ಟ, ಓಡಿದ. ಕದ್ದುಮುಚ್ಚಿ ಹುಡುಕೋ ಈ ಅಭ್ಯಾಸಾನ ಊರೊಳಗಾದ್ರೂ ಬಿಡ್ಬೇಕು ಅಂತ ನಾನು ಎಲ್ಲರ ಹತ್ರನೂ ವಾದ ಮಾಡ್ತೀನಿ. ಡಬ್ಬಿನ ಆರಾಮಾಗಿ ಎದುರಿಗೇ ತೆಗೀರಿ, ಬೆಂಚ್ ಮೇಲೆ ಕೂತು ಬರೀರಿ, ಯಾರಾದ್ರೂ ಕೇಳಿದ್ರೆ ತೋರಿಸಿ. ಗುಟ್ಟು ಬಯಲಾಗಿ ಡಬ್ಬಿ ಕಳ್ದೋಗುತ್ತೆ ಅಂತೀರಾ, ಹೋಗ್ಲಿ ಬಿಡಿ, ಇನ್ನೊಂದು ಇಟ್ಕೊಳ್ಳೋಣ.

"ಪೊಲೀಸ್ನೋರು ಮ್ಯಾಪ್ ನೋಡಿದ್ರೆ ಅಲ್ಲಿ ಜಿಯೋಕ್ಯಾಶ್ ಇದೆ ಅಂತ ಗೊತ್ತಾಗುತ್ತಲ್ವಾ" ಅಂತ ತುಂಬಾ ಜನ ಕೇಳ್ತಾರೆ. ಗೊತ್ತಾಗಬಹುದು, ಆದ್ರೆ ಮ್ಯಾಪ್ ಹೇಳೋದು ಅಲ್ಲೊಂದು ಡಬ್ಬಿ ಇರಬೇಕು ಅಂತ ಮಾತ್ರ, ಈಗ ಎದುರಿಗಿರೋದು ಅದೇ ಡಬ್ಬಿ ಅಂತಲ್ಲ. ಬಾಂಬ್ ದಳದೋರು ಸಾಧ್ಯ ಆದಷ್ಟು ಹತ್ರ ಹೋಗದೆ ರೋಬೋಟ್ ಕಳಿಸೋದು, ದೂರದಿಂದಾನೇ ರಭಸವಾಗಿ ನೀರು ಹೊಡೆದು ಡಬ್ಬಿನ ಛಿದ್ರ ಮಾಡೋದು ಇದೇ ಕಾರಣಕ್ಕೆ. ಊಹೆ ತಪ್ಪಾದ್ರೆ ಹೋಗೋದು ಒಂದು ಜೀವ.

ಹಾಗಾಗಿ ಎಚ್ಚರಿಕೆ ಡಬ್ಬಿ ಇಡೋರ ಕಡೆಯಿಂದಾನೇ ಶುರು ಆಗ್ಬೇಕು. ಶಾಲೆ, ಸರ್ಕಾರಿ ಕಟ್ಟಡ, ವಿಮಾನ ನಿಲ್ದಾಣ, ರೈಲು ಹಳಿ, ಅಣೆಕಟ್ಟು, ಇವುಗಳ ಹತ್ರ ಬೇಡವೇ ಬೇಡ. ಜಾಗದ ಯಜಮಾನರ ಅನುಮತಿ ತಗೊಳ್ಳಿ, ಅನುಮತಿ ಇದ್ರೆ ಅಕ್ಕಪಕ್ಕದೋರಿಗೂ ವಿಷಯ ಗೊತ್ತಿರುತ್ತೆ, ಅರ್ಧ ಗಾಬರಿ ಅಲ್ಲೇ ಮುಗೀತು. ಊರೊಳಗೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿನೇ ಇಡಿ, ಒಳಗಿರೋ ಪುಸ್ತಕ, ಪೆನ್ಸಿಲ್, ಮಕ್ಕಳ ಆಟಿಕೆ ಎಲ್ಲಾ ಹೊರಗಿಂದಾನೇ ಕಾಣ್ಬೇಕು, ಮೇಲೆ ಇದು ಜಿಯೋಕ್ಯಾಶ್ ಅಂತ ದೊಡ್ಡ ಅಕ್ಷರದ ಲೇಬಲ್ ಇರಲಿ. ನ್ಯಾನೋ ಅಂತ ಕರೆಯೋ, ಬೆರಳ ತುದಿಯಷ್ಟಿರೋ ಮ್ಯಾಗ್ನೆಟ್ ಡಬ್ಬಿ ಆದ್ರೆ ಇನ್ನೂ ವಾಸಿ, ಅದನ್ನ ನೋಡಿ ಹೆದರೋರು ಕಮ್ಮಿ.

ಇಷ್ಟೆಲ್ಲ ಮಾಡಿದ್ಮೇಲೂ ನಿಮ್ಮ ಡಬ್ಬಿ ಸುತ್ತ ಪೊಲೀಸ್ ಟೇಪ್ ಬಿದ್ದಿದೆ ಅಂತ ಗೊತ್ತಾದ್ರೆ ತಕ್ಷಣ ಫೋನ್ ಮಾಡಿ, ಅದು ನಂದು, ಇಂಥ ಕಡೆ ಇಟ್ಟಿದ್ದೆ, ಒಳಗೆ ಇಂತಿಂಥದ್ದಿದೆ ಅಂತ ಹೇಳಿ, ಫೋಟೋ ಇದ್ರೆ ಕಳಿಸಿ. ಟೇಪ್ ದಾಟಿ ಎತ್ಕೊಂಡು ಬರೋಕೆ ಮಾತ್ರ ಹೋಗ್ಬೇಡಿ. ವೆಬ್‌ಸೈಟಲ್ಲಿರೋ ಆ ಡಬ್ಬಿಯ ಲಿಸ್ಟಿಂಗ್ ಅವತ್ತೇ ನಿಲ್ಲಿಸಿ, ಇಲ್ಲಾಂದ್ರೆ ಸಂಜೆ ಇನ್ನೊಬ್ಬರು ಅದೇ ಜಾಗಕ್ಕೆ ಹುಡುಕ್ಕೊಂಡು ಬರ್ತಾರೆ.